ರೋಗಶಯ್ಯೆಯ ಬಳಿಯ ಸತ್ಯ: ಎರಡು ಕಥನಗಳ ಸಮೀಕ್ಷೆ

೧

ಪುಂಡಲೀಕನ ಕಥೆ ಕನ್ನಡ ಮರಾಠಿ ನಾಡುಗಳೆರಡರ ಸಮಾನ ಸ್ವತ್ತು. ತಾಯಿತಂದೆಗಳ ಸೇವೆಯಲ್ಲಿ ತೊಡಗಿದ್ದ ಆತ ಬಾಗಿಲಿಗೆ ಬಂದ ದೇವರತ್ತ ಒಂದು ಇಟ್ಟಿಗೆಯನ್ನು ಎಸೆದು, ಕೈಗೆತ್ತಿಕೊಂಡ ಕೆಲಸ ಮುಗಿಯುವವರೆಗೆ ಅದರ ಮೇಲೆ ನಿಂತಿರುವಂತೆ ಕೇಳಿಕೊಂಡನಂತೆ; ಪಂಢರಪುರದ ವಿಠ್ಠಲ ಇಂದಿಗೂ ಹಾಗೆಯೇ ನಿಂತಿದ್ದಾನೆ. ಶ್ರವಣಕುಮಾರನು ಕುರುಡರಾದ ತಾಯಿತಂದೆಗಳನ್ನು ಕಾವಡಿಯಲ್ಲಿ ಹೊತ್ತು ನಡೆದನು. ಪೂರುವಾದರೋ ತಂದೆಯ ಮುಪ್ಪನ್ನೇ ತನ್ನ ಮೈಮೇಲೆ ತೆಗೆದುಕೊಂಡನು. ಈ ಮೂರು ಕಥೆಗಳಲ್ಲಿಯೂ ಮಗನ ಕರ್ತವ್ಯ ಕಠಿನವಾಗಿದ್ದರೂ ಅಸ್ಪಷ್ಟವಾಗಿಲ್ಲ. ಹೊರಬೇಕಾದ ಭಾರ ಕಣ್ಣಿಗೆ ಕಾಣುವಂಥದು. ಮಗನಿಗೆ ತಿಳಿದಿರುವುದು ಹಿರಿಯರಿಗೂ ತಿಳಿದಿರುವಂಥದು.

ಆಧುನಿಕ ಆಸ್ಪತ್ರೆಯು ಈ ಚಿತ್ರವನ್ನು ಎರಡು ಬಗೆಯಿಂದ ಮಾರ್ಪಡಿಸಿದೆ. ಮೊದಲನೆಯದಾಗಿ, ದೇಹಸೇವೆಯ ಬಹುಭಾಗ ಮಕ್ಕಳ ಕೈಯಿಂದ ದಾದಿಯರ ಕೈಗೂ ಯಂತ್ರಗಳಿಗೂ ಸಂದಿದೆ. ಮಗನ ಪಾಲಿಗೆ ಉಳಿದಿರುವುದು ಮೊಗಸಾಲೆಯ ಬೆಂಚು, ಔಷಧದ ಚೀಟಿ, ಹಣದ ಏರ್ಪಾಡು ಮತ್ತು ಕಾಯುವಿಕೆ. ಎರಡನೆಯದಾಗಿ, ತಾಯಿತಂದೆಗಳ ದೇಹದ ಬಗ್ಗೆ ಅವರಿಗೇ ಗೊತ್ತಿಲ್ಲದ ಸಂಗತಿ ಮಕ್ಕಳಿಗೆ ಮೊದಲು ಗೊತ್ತಾಗುವ ಪ್ರಸಂಗ ಒದಗಿದೆ. ಕ್ಯಾನ್ಸರಿನ ವಿಷಯದಲ್ಲಿ ಇದು ನಿತ್ಯದ ಅನುಭವ. ಹಾಸಿಗೆಯಲ್ಲಿ ಮಲಗಿರುವ ತಾಯಿ, ಬಾಗಿಲಾಚೆ ವೈದ್ಯನೊಡನೆ ಮೆಲುದನಿಯಲ್ಲಿ ಮಾತಾಡಿ ಮುಖವನ್ನು ಸರಿಪಡಿಸಿಕೊಂಡು ಒಳಗೆ ಬರುವ ಮಗಳು: ಈ ದೃಶ್ಯಕ್ಕೆ ಪುರಾಣದಲ್ಲಿ ನೇರವಾದ ಮಾದರಿ ದೊರೆಯುವುದಿಲ್ಲ. ಕಾವಡಿಯನ್ನು ಹೊರುವುದು ಹೇಗೆಂದು ಶ್ರವಣಕುಮಾರನಿಂದ ಕಲಿಯಬಹುದು. ತಿಳಿವಳಿಕೆಯೊಂದನ್ನು ಹೊರುವುದು ಹೇಗೆಂದು ಯಾರಿಂದ ಕಲಿಯಬೇಕು?

ಈ ಪ್ರಶ್ನೆಯನ್ನು ಇಟ್ಟುಕೊಂಡು ಪರಿಶೀಲಿಸಲು ಯೋಗ್ಯವಾದ ಎರಡು ಕೃತಿಗಳಿವೆ. ಒಂದು, ಫ್ರೆಂಚ್ ಲೇಖಕಿ ಸಿಮೋನ್ ದ ಬೊವ್ವಾರ್ ೧೯೬೪ರಲ್ಲಿ ಪ್ರಕಟಿಸಿದ, ‘ಬಹು ಮೆದುವಾದ ಸಾವು’ ಎಂಬ ಅರ್ಥದ ಹೆಸರುಳ್ಳ ಕಿರುಹೊತ್ತಗೆ; ಪ್ಯಾಟ್ರಿಕ್ ಓಬ್ರಿಯನ್ನನ ಇಂಗ್ಲಿಷ್ ಅನುವಾದದಲ್ಲಿ ಇದು ‘ಎ ವೆರಿ ಈಸಿ ಡೆತ್’ ಎಂದು ಪ್ರಸಿದ್ಧವಾಗಿದೆ. ಇನ್ನೊಂದು, ಅಮೆರಿಕದ ಡೇವಿಡ್ ರೀಫ್ ತನ್ನ ತಾಯಿ ಸೂಸನ್ ಸಾಂಟಾಗಳ ಕೊನೆಯ ತಿಂಗಳುಗಳನ್ನು ಕುರಿತು ೨೦೦೮ರಲ್ಲಿ ಪ್ರಕಟಿಸಿದ ‘ಸ್ವಿಮಿಂಗ್ ಇನ್ ಎ ಸೀ ಆಫ್ ಡೆತ್’. ಒಂದರಲ್ಲಿ ಮಕ್ಕಳು ತಾಯಿಯಿಂದ ಸತ್ಯವನ್ನು ಮರೆಮಾಡುತ್ತಾರೆ. ಇನ್ನೊಂದರಲ್ಲಿ ಸತ್ಯವನ್ನು ಕೇಳಿ ತಿಳಿದ ತಾಯಿಯೇ ಮಗನಿಂದ ಆಶ್ವಾಸನೆಯನ್ನು ಬೇಡುತ್ತಾಳೆ. ದಾರಿಗಳು ಬೇರೆಯಾದರೂ ಎರಡು ಕಥನಗಳೂ ಬಂದು ಸೇರುವುದು ಒಂದೇ ಸ್ಥಳಕ್ಕೆ.

೨

ಬೊವ್ವಾರಳ ಪುಸ್ತಕ ಆರಂಭವಾಗುವುದು ೧೯೬೩ನೆಯ ಅಕ್ಟೋಬರ್ ೨೪ರ ಮಧ್ಯಾಹ್ನ, ರೋಮಿನ ಒಂದು ಹೋಟೆಲಿನಲ್ಲಿ. ಪ್ಯಾರಿಸಿನಿಂದ ದೂರವಾಣಿ ಕರೆ ಬರುತ್ತದೆ: ತಾಯಿ ಸ್ನಾನದ ಮನೆಯಲ್ಲಿ ಜಾರಿಬಿದ್ದು ತೊಡೆಯ ಮೂಳೆಯನ್ನು ಮುರಿದುಕೊಂಡಿದ್ದಾಳೆ. ಎಪ್ಪತ್ತೇಳರ ಆ ವೃದ್ಧೆ ನೆಲದ ಮೇಲೆ ತೆವಳುತ್ತ ದೂರವಾಣಿಯನ್ನು ಮುಟ್ಟಲು ಎರಡು ಗಂಟೆ ಹಿಡಿದಿತ್ತು. ಮೂಳೆಯ ಚಿಕಿತ್ಸೆಗೆಂದು ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ಕರುಳಿನ ಕ್ಯಾನ್ಸರು ಬಯಲಾಗುತ್ತದೆ. ಆಕೆಗೆ ಮಾತ್ರ ಹೊಟ್ಟೆಯೊಳಗಿನ ಪೊರೆಯ ಉರಿಯೂತವೆಂದು ಹೇಳಲಾಗುತ್ತದೆ. ಜೀವಮಾನವೆಲ್ಲ ಕ್ಯಾನ್ಸರಿಗೆ ಹೆದರಿದ್ದವಳು ಅದೇ ರೋಗದಲ್ಲಿ ಮಲಗಿಕೊಂಡು, ಅದನ್ನರಿಯದೆ, ತಾನು ಗುಣವಾಗುತ್ತಿದ್ದೇನೆಂದು ನಂಬುತ್ತಾಳೆ. ಹಿರಿಯ ಮಗಳು ಸಿಮೋನ್, ಚಿತ್ರಕಲಾವಿದೆಯಾದ ಕಿರಿಯ ಮಗಳು ಎಲೆನ್, ಇಬ್ಬರೂ ಸರದಿಯಂತೆ ಹಾಸಿಗೆಯ ಬಳಿ ಕೂರುತ್ತಾರೆ. ಅದೇ ಡಿಸೆಂಬರಿನಲ್ಲಿ ತಾಯಿ ತೀರಿಕೊಳ್ಳುತ್ತಾಳೆ.

ಕಥಾವಸ್ತು ಇಷ್ಟೆ. ಇಂಥ ವಸ್ತು ಸಾಮಾನ್ಯ ಲೇಖಕನ ಕೈಗೆ ಸಿಕ್ಕಿದ್ದರೆ ಶೋಕದ ಉದ್ದೀಪನೆಯಲ್ಲಿಯೇ ಮುಗಿದುಹೋಗುತ್ತಿತ್ತು. ಬೊವ್ವಾರಳ ಶಕ್ತಿ ಇರುವುದು ಕರುಣರಸವನ್ನು ಬೇಡದ ಆಕೆಯ ನಿಷ್ಠುರ ನಿಖರತೆಯಲ್ಲಿ. ತಾಯಿ ಆದರ್ಶ ಮಾತೆಯಲ್ಲ. ಮಗಳ ಬರವಣಿಗೆಯನ್ನೂ ಜೀವನಕ್ರಮವನ್ನೂ ಮೆಚ್ಚದ, ಮಕ್ಕಳ ಗುಟ್ಟುಗಳಲ್ಲಿ ಮೂಗು ತೂರಿಸುತ್ತಿದ್ದ ಸಂಪ್ರದಾಯಸ್ಥೆ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ವಿಧವೆಯಾದ ಮೇಲೆ ಪರೀಕ್ಷೆಗಳಿಗೆ ಕುಳಿತು ಗ್ರಂಥಾಲಯದ ಕೆಲಸ ಹಿಡಿದ ದಿಟ್ಟೆಯೂ ಅವಳೇ. ತಾಯಿಮಗಳ ನಡುವಣ ಹಳೆಯ ಮುನಿಸನ್ನು ಲೇಖಕಿ ಸಾವಿನ ಸೌಜನ್ಯಕ್ಕಾಗಿ ಅಳಿಸಿಹಾಕುವುದಿಲ್ಲ. ಅದನ್ನು ಉಳಿಸಿಕೊಂಡೇ ಸೇವೆಗೆ ಇಳಿದದ್ದರಿಂದ ಆ ಸೇವೆಗೆ ಬೆಲೆ ಬಂದಿದೆ.

ಕೃತಿಯ ಮರ್ಮಸ್ಥಾನಗಳೆರಡೂ ದೇಹಕ್ಕೆ ಸಂಬಂಧಿಸಿದವು. ಅಂಗಮರ್ದನದವಳು ಹೊದಿಕೆಯನ್ನು ಸರಿಸಿದಾಗ ತಾಯಿಯ ನಗ್ನತೆಯನ್ನು ಕಂಡು ಮಗಳು ತತ್ತರಿಸುತ್ತಾಳೆ. ಜೀವನದುದ್ದಕ್ಕೂ ಮಾನಮರ್ಯಾದೆಯೆಂದು ಬಾಳಿದ ತಾಯಿ ಈಗ ಸಂಕೋಚವನ್ನೇ ತೊರೆದು ಮಲಗಿದ್ದಾಳೆ; ಶರೀರಧರ್ಮಗಳನ್ನು ಹಿಂದೆಂದೂ ಗುಟ್ಟಾಗಿ ಕಾಣದ ಮಗಳಿಗೆ ಮಾತ್ರ ಅದು ಸಹಿಸದಾಗುತ್ತದೆ. ಇನ್ನೊಂದು ರಾತ್ರಿ ಮನೆಗೆ ಮರಳಿದವಳು ಅನಿರೀಕ್ಷಿತವಾಗಿ ಬಿಕ್ಕಿಬಿಕ್ಕಿ ಅಳುತ್ತಾಳೆ. ತನ್ನ ತುಟಿಗಳು ತನ್ನ ಹತೋಟಿಯಲ್ಲಿಲ್ಲ, ತಾಯಿಯ ಬಾಯಿಯೇ ತನ್ನ ಮುಖದ ಮೇಲೆ ಬಂದು ಕುಳಿತಿದೆ ಎಂದು ಆಗ ಆಕೆಗೆ ಅನ್ನಿಸುತ್ತದೆ. ತಂದೆಯ ಮುಪ್ಪು ಪೂರುವಿನ ಮೈಗೆ ಇಳಿದ ಕಥೆಯನ್ನು ಬಲ್ಲ ಕನ್ನಡ ವಾಚಕನಿಗೆ ಈ ಅನುಭವ ಅಪರಿಚಿತವೆನಿಸದು. ಪುರಾಣದಲ್ಲಿ ವರಬಲದಿಂದ ನಡೆದದ್ದು ಇಲ್ಲಿ ದುಃಖಬಲದಿಂದ ಒಂದು ಕ್ಷಣ ನಡೆಯುತ್ತದೆ.

೩

ಆದರೆ ಈ ಕೃತಿಯಲ್ಲಿ ಒಂದು ಬಿರುಕಿದೆ. ವಿಮರ್ಶೆ ಅದರ ಮೇಲೆ ಬೆರಳಿಡಬೇಕಾಗಿದೆ. ಶಸ್ತ್ರಚಿಕಿತ್ಸೆಯ ಅನಂತರ ತಾಯಿಯ ಮನಸ್ಸಿನಲ್ಲಿ ಕ್ಯಾನ್ಸರಿನ ಶಂಕೆ ಒಂದು ಕ್ಷಣವೂ ಸುಳಿಯಲಿಲ್ಲವೆಂದು ಬೊವ್ವಾರ್ ಖಚಿತವಾಗಿ ಹೇಳುತ್ತಾಳೆ. ಆಕೆಯ ಪುಸ್ತಕವೇ ಒದಗಿಸುವ ಸಾಕ್ಷ್ಯ ಅಷ್ಟು ಖಚಿತವಾಗಿಲ್ಲ. ದೈವಭಕ್ತೆಯಾದ ಆ ತಾಯಿ ಕೊನೆಯ ವಾರಗಳಲ್ಲಿ ಪಾದ್ರಿಯನ್ನು ಕರೆಸಲು ಬಯಸಲಿಲ್ಲ; ಧರ್ಮನಿಷ್ಠರಾದ ಗೆಳತಿಯರಿಗೆ ಇದರಿಂದ ಅಸಮಾಧಾನವೇ ಆಯಿತು. ನಿದ್ದೆಯಲ್ಲಿ ಕಳೆದ ದಿನಗಳು ತನಗೆ ನಷ್ಟವಾದವೆಂದು ಆಕೆ ಹಲುಬುತ್ತಾಳೆ. ಸಾವು ಬಹುದೂರವಿದೆಯೆಂದು ನಂಬಿದವರು ದಿನಗಳನ್ನು ಹೀಗೆ ಎಣಿಸುವರೆ? ಪಾದ್ರಿ ಬಂದರೆ ಅದರ ಅರ್ಥವೇನೆಂದು ತಿಳಿದವರೇ ಅಲ್ಲವೆ ಆತ ಬಾರದಿರಲೆಂದು ಬಯಸುವವರು?

ತಾಯಿಗೆ ಎಲ್ಲವೂ ತಿಳಿದಿತ್ತೆಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ. ಅರ್ಧ ತಿಳಿದು ಅರ್ಧ ತಿಳಿಯದ ಒಂದು ಸಂಧ್ಯೆಯಲ್ಲಿ ಆಕೆ ಇದ್ದಿರಬಹುದು. ಆ ಸಂಧ್ಯೆಯಲ್ಲಿ ಆಕೆಗೆ ಜೊತೆಯಿರಲಿಲ್ಲ ಎಂಬುದೇ ಮುಖ್ಯ. ಮಕ್ಕಳು ಹಗಲಿರುಳು ಪಕ್ಕದಲ್ಲಿದ್ದರು, ಆದರೆ ಒಂದು ಸುಳ್ಳಿನ ಆಚೆಬದಿಯಲ್ಲಿದ್ದರು. ಈ ಸತ್ಯವನ್ನು ಬೊವ್ವಾರ್ ಕಾಣದೆ ಹೋಗಿಲ್ಲ. ತಾಯಿಯೊಡನೆ ಕಪಟವಾಡಬೇಕಾಗಿ ಬಂದುದಕ್ಕೆ, ಸಾವಿನೆದುರು ಆಕೆ ಒಂಟಿಯಾಗಿರುವುದನ್ನು ನೋಡುತ್ತ ತಾವು ವೈದ್ಯರ ಪಕ್ಷದಲ್ಲಿ ನಿಂತುದಕ್ಕೆ, ಅವಳಲ್ಲಿ ಆಳವಾದ ಅಪರಾಧಪ್ರಜ್ಞೆಯಿದೆ. ಹಿರಿಯ ದಾದಿಯೊಬ್ಬಳು ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿರೆಂದು ಪಿಸುಗುಟ್ಟಿದರೂ ಮಕ್ಕಳು ವೈದ್ಯರನ್ನು ತಡೆಯಲಾರದೆ ಹೋದರು. ನೋವಿಗೆ ಮಾರ್ಫೀನು ಕೊಡಿಸಲು ಮತ್ತೆ ಮತ್ತೆ ಕೇಳಬೇಕಾಯಿತು. ನಿರ್ಧಾರಗಳೆಲ್ಲ ಬೇರೆಯವರ ಕೈಯಲ್ಲಿ. ಸುಳ್ಳಿನ ನಿರ್ವಹಣೆ ಮಾತ್ರ ಮಕ್ಕಳ ಪಾಲಿಗೆ.

ಶೀರ್ಷಿಕೆಯ ವ್ಯಂಗ್ಯವೂ ಇಲ್ಲಿಂದಲೇ ಹುಟ್ಟುತ್ತದೆ. ಕೊನೆಯ ಗಳಿಗೆಯಲ್ಲಿ ಬಳಿಯಿದ್ದ ಕಿರಿಯ ಮಗಳು, ದೀಪ ನಂದಿದಂತೆ ಸಾವು ಬರುವುದೆಂದು ವೈದ್ಯರು ಹೇಳಿದ್ದು ಸುಳ್ಳಾಯಿತೆಂದು ಅಳುತ್ತಾಳೆ. ಹೋಲಿಸಿ ನೋಡಿದರೆ ಇದು ಬಹು ಮೆದುವಾದ ಸಾವೇ ಎಂದು ದಾದಿ ಸಮಾಧಾನ ಹೇಳುತ್ತಾಳೆ. ದಾದಿಯ ಮಾತೂ ನಿಜ, ಮಗಳ ಅಳುವೂ ನಿಜ. ಸಾರ್ವಜನಿಕ ಆಸ್ಪತ್ರೆಗಳ ದೊಡ್ಡ ಕೊಠಡಿಗಳಲ್ಲಿ, ಹಾಸಿಗೆಯ ಸುತ್ತ ಅಡ್ಡತೆರೆಯನ್ನು ಎಳೆದಾಗಲೇ ತಮ್ಮ ಸರದಿ ಬಂತೆಂದು ರೋಗಿಗಳು ತಿಳಿಯುವ ಸ್ಥಿತಿಯನ್ನು ನೆನೆದು, ತನ್ನ ತಾಯಿಯದು ಸವಲತ್ತುಳ್ಳವರ ಸಾವೆಂದು ಬೊವ್ವಾರ್ ಒಪ್ಪಿಕೊಳ್ಳುತ್ತಾಳೆ. ಸ್ವಂತ ದುಃಖದ ನಡುವೆಯೂ ಪಕ್ಕದ ಹಾಸಿಗೆಯತ್ತ ಕಣ್ಣು ಹಾಯಿಸುವ ಈ ನ್ಯಾಯದೃಷ್ಟಿ ಕೃತಿಯನ್ನು ಕೇವಲ ಕೌಟುಂಬಿಕ ಸ್ಮರಣೆಯ ಮಟ್ಟದಿಂದ ಮೇಲೆತ್ತಿದೆ.

೪

ಬೊವ್ವಾರಳ ಪುಸ್ತಕದಲ್ಲಿ ಕಾಣುವ ಪದ್ಧತಿಯನ್ನು ಸೂಸನ್ ಸಾಂಟಾಗ್ ೧೯೭೮ರಲ್ಲಿ ಟೀಕಿಸಿದಳು. ೧೯೭೫ರಲ್ಲಿ ಸ್ತನದ ಕ್ಯಾನ್ಸರಿಗೆ ತುತ್ತಾಗಿ ಉಗ್ರವಾದ ಚಿಕಿತ್ಸೆಯಿಂದ ಬದುಕಿ ಉಳಿದ ಆಕೆ, ತನ್ನ ರೋಗದ ಪ್ರಸ್ತಾಪವನ್ನೇ ಮಾಡದೆ ‘ಇಲ್‌ನೆಸ್ ಆ್ಯಸ್ ಮೆಟಫರ್’ ಎಂಬ ಪ್ರಬಂಧವನ್ನು ಬರೆದಳು. ಕ್ಯಾನ್ಸರು ಶಾಪವಲ್ಲ, ಪಾಪದ ಫಲವಲ್ಲ, ಅದು ಒಂದು ರೋಗ. ಅದಕ್ಕೆ ಅಂಟಿಸಿದ ರೂಪಕಗಳನ್ನು ಕಿತ್ತೊಗೆಯಬೇಕು ಎಂಬುದು ಅದರ ಪ್ರತಿಪಾದನೆ. ಫ್ರಾನ್ಸು, ಇಟಲಿಗಳಲ್ಲಿ ವೈದ್ಯರು ರೋಗದ ಹೆಸರನ್ನು ಮನೆಯವರಿಗೆ ತಿಳಿಸಿ ರೋಗಿಯಿಂದ ಮುಚ್ಚಿಡುವ ರೂಢಿಯನ್ನು ಆಕೆ ಅಲ್ಲಿ ಹೆಸರಿಸಿಯೇ ಹೇಳಿದ್ದಾಳೆ.

ಆ ಹೊತ್ತಿಗೆ ಅಮೆರಿಕದಲ್ಲಿ ಗಾಳಿ ತಿರುಗಿತ್ತು. ೧೯೬೧ರಲ್ಲಿ ಶಿಕಾಗೋದ ಒಂದು ಆಸ್ಪತ್ರೆಯ ವೈದ್ಯರನ್ನು ಪ್ರಶ್ನಿಸಿದಾಗ ನೂರಕ್ಕೆ ಸುಮಾರು ೯೦ ಮಂದಿ ಕ್ಯಾನ್ಸರೆಂಬ ಸುದ್ದಿಯನ್ನು ರೋಗಿಗೆ ಹೇಳದಿರುವುದೇ ಲೇಸೆಂದಿದ್ದರು. ೧೯೭೯ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ ನೂರಕ್ಕೆ ೯೭ ಮಂದಿ ಹೇಳುವುದೇ ಲೇಸೆಂದರು. ಹದಿನೆಂಟು ವರ್ಷಗಳಲ್ಲಿ ಒಂದು ವೃತ್ತಿಯ ಧರ್ಮವೇ ಮಗುಚಿಬಿತ್ತು.

ಡೇವಿಡ್ ರೀಫನ ಪುಸ್ತಕ ಈ ಹೊಸ ಧರ್ಮದ ಕಾಲಕ್ಕೆ ಸೇರಿದ್ದು. ೨೦೦೪ರ ಮಾರ್ಚಿನಲ್ಲಿ ಆತ ದೂರದ ಪ್ರವಾಸದಿಂದ ಮರಳುತ್ತಿದ್ದಾಗ ತಾಯಿಗೆ ಮತ್ತೆ ಏನೋ ಆಗಿದೆಯೆಂಬ ಸುದ್ದಿ ತಿಳಿಯುತ್ತದೆ. ಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿ ಕೆಟ್ಟು, ರಕ್ತದ ಕ್ಯಾನ್ಸರಿಗೆ ತಿರುಗುವ ರೋಗವದು. ಮಗನ ಎದುರಿನಲ್ಲಿಯೇ ವೈದ್ಯನು ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿಬಿಡುತ್ತಾನೆ. ಎಪ್ಪತ್ತೊಂದರ ವಯಸ್ಸಿನಲ್ಲಿ ಸಾಂಟಾಗ್ ಸಿಯಾಟಲ್ ನಗರಕ್ಕೆ ಹೋಗಿ ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಳ್ಳುತ್ತಾಳೆ. ಅದು ಫಲಿಸುವುದಿಲ್ಲ. ೨೦೦೪ರ ಡಿಸೆಂಬರ್ ೨೮ರಂದು ನ್ಯೂಯಾರ್ಕಿನಲ್ಲಿ ಆಕೆ ಕೊನೆಯುಸಿರೆಳೆಯುತ್ತಾಳೆ.

ಎಲ್ಲವೂ ಬಯಲಾಗಿದ್ದ ಇಲ್ಲಿ ಸುಳ್ಳಿಗೆ ಎಡೆಯೆಲ್ಲಿ ಎಂದು ವಾಚಕನು ಕೇಳಬಹುದು. ಈ ಕೃತಿಯ ದಾರುಣ ಸಂಗತಿ ಇರುವುದು ಅಲ್ಲಿಯೇ. ಎರಡು ಸಲ ಕ್ಯಾನ್ಸರನ್ನು ಗೆದ್ದಿದ್ದ ಸಾಂಟಾಗ್ ಮೂರನೆಯ ಸಲವೂ ತಾನು ಅಪವಾದವಾಗುವೆನೆಂದು ನಂಬಲು ಹಟ ಹಿಡಿದಳು. ರೋಗವನ್ನು ಕುರಿತ ಪುಸ್ತಕಗಳನ್ನೂ ಅಂತರ್ಜಾಲದ ಪುಟಗಳನ್ನೂ ಓದಿದರೂ, ಮಗನಿಂದ ಆಕೆಗೆ ಬೇಕಾಗಿದ್ದುದು ಗೆಲ್ಲುವೆಯೆಂಬ ಮಾತು. ತಾನು ನಂಬದ ಭರವಸೆಯನ್ನು ಮಗ ತಿಂಗಳುಗಟ್ಟಲೆ ಕೊಡುತ್ತ ಹೋದನು. ತಾಯಿಯೊಡನೆ ಸಾವಿನ ಮಾತನ್ನು ಆಡಲಾಗಲಿಲ್ಲ. ಬೀಳ್ಕೊಡುಗೆಯ ಮಾತು ಹುಟ್ಟಲೇ ಇಲ್ಲ. ತಾನು ಮಾಡಿದ್ದು ಸರಿಯೆ, ಬೇರೆ ಏನು ಮಾಡಬಹುದಾಗಿತ್ತು ಎಂಬ ಪ್ರಶ್ನೆಯ ಸುತ್ತಲೇ ಪುಸ್ತಕವೆಲ್ಲ ತಿರುಗುತ್ತದೆ.

ಸಾಹಿತ್ಯದೃಷ್ಟಿಯಿಂದ ರೀಫನ ಕೃತಿ ಬೊವ್ವಾರಳದಕ್ಕೆ ಸಮನಲ್ಲ. ಅಲ್ಲಿ ವಾದ ಹೆಚ್ಚು, ದೃಶ್ಯ ಕಡಿಮೆ. ಒಂದೇ ಸಂದೇಹವನ್ನು ಲೇಖಕ ಹತ್ತು ಬಾರಿ ತಿರುವಿ ನೋಡುತ್ತಾನೆ. ರೋಗಿಯ ಕೋಣೆಯ ಬೆಳಕು, ಶಬ್ದ, ವಾಸನೆಗಳು ವಾಚಕನನ್ನು ತಲಪುವುದು ವಿರಳ. ಆದರೂ ಈ ಪುನರುಕ್ತಿಯನ್ನು ದೋಷವೆಂದಷ್ಟೇ ಎಣಿಸುವುದು ಅನ್ಯಾಯ. ಉತ್ತರವಿಲ್ಲದ ಪ್ರಶ್ನೆಯನ್ನು ಹೊತ್ತ ಮಗನ ಮನಸ್ಸು ನಡೆಯುವ ರೀತಿಯೇ ಅದು. ಬೊವ್ವಾರಳಿಗೆ ಕೊನೆಗೆ ಒಂದಿಷ್ಟು ನೆಮ್ಮದಿ ಉಂಟು: ಹಾಸಿಗೆಯ ಬಳಿ ಕಳೆದ ಆ ದಿನಗಳು, ತಾಯಿಯ ಭಯವನ್ನು ಆಗಾಗ ಗೆದ್ದ ಗಳಿಗೆಗಳು, ಹಳೆಯ ಮುನಿಸಿನ ಸಾಲವನ್ನು ಸ್ವಲ್ಪ ತೀರಿಸಿದುವೆಂದು ಆಕೆ ಎಣಿಸುತ್ತಾಳೆ. ರೀಫನಿಗೆ ಆ ನೆಮ್ಮದಿಯೂ ಇಲ್ಲ.

೫

ಎರಡು ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹೊರಡುವ ನಿಷ್ಕರ್ಷೆ ಏನು? ರೋಗಿಗೆ ಸತ್ಯವನ್ನು ಹೇಳಬೇಕೆ, ಬಾರದೆ ಎಂದು ಚರ್ಚಿಸುವವರು ಸತ್ಯವನ್ನು ಒಂದು ಸುದ್ದಿಯೆಂದು ಭಾವಿಸುತ್ತಾರೆ. ಪ್ಯಾರಿಸಿನ ತಾಯಿಗೆ ಸುದ್ದಿ ತಲಪಲಿಲ್ಲ. ನ್ಯೂಯಾರ್ಕಿನ ತಾಯಿಗೆ ತಲಪಿತು. ಒಂಟಿತನ ಮಾತ್ರ ಇಬ್ಬರಿಗೂ ತಪ್ಪಲಿಲ್ಲ, ಅವರ ಮಕ್ಕಳಿಗೂ ತಪ್ಪಲಿಲ್ಲ. ಸುದ್ದಿಯನ್ನು ವೈದ್ಯ ಕೊಡಬಲ್ಲ, ಕಾಗದ ಕೊಡಬಲ್ಲುದು. ಆ ಸುದ್ದಿಯ ಜೊತೆಗೆ ಬದುಕುವ ದಿನಗಳಲ್ಲಿ ಸಂಗಾತಿಯಾಗಿ ಉಳಿಯುವುದು ಬೇರೆಯೇ ಕರ್ತವ್ಯ. ಮಕ್ಕಳಿಗೆ ವಿಶಿಷ್ಟವಾದ ಕರ್ತವ್ಯವೆಂದರೆ ಅದೇ. ಪ್ಯಾರಿಸಿನ ಮೊಂಪಾರ್ನಾಸ್ ಸ್ಮಶಾನದಲ್ಲಿ ಬೊವ್ವಾರಳ ಸಮಾಧಿಯಿದೆ. ರೀಫ್ ತನ್ನ ತಾಯಿಯನ್ನು ಅದೇ ಸ್ಮಶಾನದಲ್ಲಿ ಮಣ್ಣು ಮಾಡಿಸಿದನು. ಒಂದು ಪುಸ್ತಕದ ಮಗಳೂ ಇನ್ನೊಂದರ ತಾಯಿಯೂ ಒಂದೇ ಬೇಲಿಯೊಳಗೆ ಮಲಗಿರುವುದು ಆಕಸ್ಮಿಕವಾದರೂ, ಎರಡನ್ನೂ ಓದಿದವರಿಗೆ ಅರ್ಥಹೀನವೆನಿಸದು.

ಹೊರನಾಡ ಕನ್ನಡಿಗನಿಗೆ ಈ ಪ್ರಶ್ನೆ ಇನ್ನೂ ಒಂದು ಸುತ್ತು ಬಿಗಿಯಾಗಿದೆ. ಮುಂಬಯಿಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ೧೯೪೧ರಲ್ಲಿ ತೆರೆದಂದಿನಿಂದ ದೇಶದ ಮೂಲೆಮೂಲೆಗಳ ರೋಗಿಗಳು ಅಲ್ಲಿಗೆ ಬರುತ್ತಿದ್ದಾರೆ. ಬೆಂಗಳೂರಿನಲ್ಲಿ ೧೯೭೩ರಲ್ಲಿ ಕಿದ್ವಾಯಿ ಸಂಸ್ಥೆ ಆರಂಭವಾದ ಮೇಲೂ ಕಲಬುರಗಿ, ವಿಜಯಪುರ, ಬೆಳಗಾವಿಗಳ ಕಡೆಯಿಂದ ಮುಂಬಯಿಯ ರೈಲು ಹತ್ತುವವರು ಇದ್ದೇ ಇದ್ದಾರೆ. ಊರಿನಲ್ಲಿ ಉಳಿದ ತಾಯಿಯೋ ತಂದೆಯೋ ನಗರದಲ್ಲಿ ನೌಕರಿಯಲ್ಲಿರುವ ಮಗನ ಎರಡು ಕೋಣೆಯ ಮನೆಗೆ ಬರುತ್ತಾರೆ. ವೈದ್ಯನು ಮಾತಾಡುವುದು ಇಂಗ್ಲಿಷಿನಲ್ಲಿ, ದಾದಿ ಮರಾಠಿಯಲ್ಲಿ, ಚೀಟಿ ಕೊಡುವವನು ಹಿಂದಿಯಲ್ಲಿ. ರೋಗಿಗೆ ಗೊತ್ತಿರುವುದು ಕನ್ನಡ ಒಂದೇ. ಆಗ ಮಗನೇ ದುಭಾಷಿ.

ಪ್ಯಾರಿಸಿನಲ್ಲಿ ಸುಳ್ಳು ಹೇಳಲು ವೈದ್ಯನನ್ನು ಬಾಗಿಲಾಚೆಗೆ ಕರೆಯಬೇಕಾಗಿತ್ತು. ಇಲ್ಲಿ ಅದರ ಅಗತ್ಯವೂ ಇಲ್ಲ. ತಾಯಿಯ ಕಣ್ಣೆದುರಿನಲ್ಲಿಯೇ, ಭಾಷಾಂತರದ ನಡುವೆಯೇ, ಸುಳ್ಳು ನಡೆದುಹೋಗುತ್ತದೆ. ವೈದ್ಯನು ಐದು ನಿಮಿಷ ವಿವರಿಸುತ್ತಾನೆ. ‘ಏನಂದ್ರಪಾ ಡಾಕ್ಟರು?’ ಎಂದು ತಾಯಿ ಕೇಳುತ್ತಾಳೆ. ‘ಸಣ್ಣದೊಂದು ಗಡ್ಡೆ, ಔಷಧಕ್ಕೆ ಕರಗತದಂತ’ ಎಂದು ಮಗ ಒಂದೇ ವಾಕ್ಯದಲ್ಲಿ ಮುಗಿಸುತ್ತಾನೆ. ಐದು ನಿಮಿಷದ ಮಾತು ಒಂದು ವಾಕ್ಯವಾದುದನ್ನು ತಾಯಿ ಗಮನಿಸದಿರುವಳೆ? ಮಗನ ಕಣ್ಣು ತಪ್ಪಿಸಿಕೊಂಡದ್ದನ್ನು ಆಕೆ ಓದಲಾರಳೆ? ಆಕೆ ಅದನ್ನು ಓದಿಯೂ ಸುಮ್ಮನಾಗುವುದು ಬಹಳ ಮಟ್ಟಿಗೆ ಮಗನ ಮೇಲಣ ಕರುಣೆಯಿಂದ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತ, ಒಬ್ಬರಿಂದೊಬ್ಬರು ದೂರ ಸರಿಯುತ್ತಾರೆ. ತಾಯ್ನುಡಿಯೊಂದೇ ಇಬ್ಬರ ನಡುವಿನ ಆಪ್ತ ಸ್ಥಳವಾಗಿರುವ ಪರನಾಡಿನಲ್ಲಿ, ಮಾತು ಬರಿದಾಗುವುದು ಆ ತಾಯ್ನುಡಿಯಲ್ಲಿಯೇ.

ಹಾಗೆಂದು ಎಲ್ಲವನ್ನೂ ಒಮ್ಮೆಗೇ ಸುರಿದುಬಿಡಬೇಕೆಂದು ಈ ಕೃತಿಗಳು ಬೋಧಿಸುವುದಿಲ್ಲ. ಸಾಂಟಾಗಳಿಗೆ ವೈದ್ಯ ಹೇಳಿದ ಬಗೆಯಲ್ಲಿ ಸತ್ಯವಿತ್ತು, ದಯೆಯಿರಲಿಲ್ಲ ಎಂಬುದೇ ಮಗನ ದೂರು. ಗುಣಪಡಿಸಲಾಗದ ಸ್ಥಿತಿಯಲ್ಲಿಯೂ ಮಾಡಬೇಕಾದ ಕೆಲಸ ಬಹಳವಿದೆ ಎಂಬ ಅರಿವಾದರೂ ಬೊವ್ವಾರಳ ಕಾಲಕ್ಕಿಂತ ಇಂದು ಮುಂದುವರಿದಿದೆ. ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ೧೯೬೭ರಲ್ಲಿ ಸೇಂಟ್ ಕ್ರಿಸ್ಟೋಫರ್ ಉಪಶಮನಗೃಹವನ್ನು ತೆರೆದಳು. ಮುಂಬಯಿಯ ಬಾಂದ್ರಾದಲ್ಲಿ ೧೯೮೬ರಲ್ಲಿ ಶಾಂತಿ ಅವೇದನಾ ಸದನ ಆರಂಭವಾಯಿತು. ೧೯೮೫ರ ಮಾದಕದ್ರವ್ಯ ಕಾಯಿದೆಯಿಂದ ದುರ್ಲಭವಾಗಿದ್ದ ಮಾರ್ಫೀನನ್ನು ರೋಗಿಗಳಿಗೆ ಸುಲಭಗೊಳಿಸಲೆಂದು ೨೦೧೪ರಲ್ಲಿ ಆ ಕಾಯಿದೆಗೆ ತಿದ್ದುಪಡಿ ಬಂದಿತು. ನೋವು ತಗ್ಗಿದ ಮೇಲಲ್ಲವೆ ಮಾತಿಗೆ ಎಡೆ?

೬

ಶ್ರವಣಕುಮಾರನ ಕಥೆಯನ್ನು ಈ ಬೆಳಕಿನಲ್ಲಿ ಇನ್ನೊಮ್ಮೆ ನೋಡಬಹುದು. ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ಆ ಮುನಿಕುಮಾರನಿಗೆ ಹೆಸರಿಲ್ಲ. ಅಲ್ಲಿ ಕವಿಯ ದೃಷ್ಟಿ ನೆಟ್ಟಿರುವುದು ಕಾವಡಿಯ ಮೇಲಲ್ಲ. ಕುರುಡರಾದ ವೃದ್ಧರಿಗೆ ದುಸ್ಸುದ್ದಿಯನ್ನು ಒಯ್ಯಬೇಕಾದ ದಶರಥನ ಮೇಲೆ. ಹೆಜ್ಜೆಯ ಸಪ್ಪಳ ಕೇಳಿ, ಮಗ ನೀರು ತಂದನೆಂದು ತಿಳಿದು ತಂದೆ ಮಾತಾಡಿಸುತ್ತಾನೆ. ಸುಮ್ಮನೆ ನೀರು ಕೊಟ್ಟು ಆ ಭ್ರಮೆಯನ್ನು ಉಳಿಸುವುದು ದಶರಥನಿಗೆ ಕಷ್ಟವಾಗಿರಲಿಲ್ಲ. ಆತ ನಡುಗುವ ದನಿಯಲ್ಲಿ ತಾನು ಮಗನಲ್ಲವೆಂದು ಹೇಳುತ್ತಾನೆ, ನಡೆದುದನ್ನೆಲ್ಲ ಹೇಳುತ್ತಾನೆ. ತಾನಾಗಿ ಬಂದು ಹೇಳದಿದ್ದರೆ ಆತನ ತಲೆ ಸಿಡಿದು ಹೋಳಾಗುತ್ತಿತ್ತೆಂದು ಮುನಿ ನುಡಿಯುತ್ತಾನೆ. ಹೇಳಿದ ಮೇಲೂ ದಶರಥನ ಕೆಲಸ ಮುಗಿಯುವುದಿಲ್ಲ. ಕಣ್ಣಿಲ್ಲದ ಆ ಇಬ್ಬರನ್ನೂ ನದಿಯ ದಡಕ್ಕೆ ಕರೆದೊಯ್ದು, ಮಗನ ದೇಹವನ್ನು ಅವರ ಕೈಗಳಿಗೆ ಮುಟ್ಟಿಸುತ್ತಾನೆ.

ಸೇವೆಗೆ ಆದರ್ಶವೆಂದು ಮಗನನ್ನೇ ನೆನೆಯುತ್ತ ಬಂದ ಪರಂಪರೆಯಲ್ಲಿ, ಅಪರಾಧಿಯಾದ ಆ ರಾಜನ ನಡೆಯಿಂದ ಕಲಿಯಬೇಕಾದ್ದು ಉಳಿದಿದೆ. ಸತ್ಯವನ್ನು ನುಡಿಯುವುದು, ನುಡಿದ ಮೇಲೆ ಕೈಬಿಡದೆ ಜೊತೆಗೆ ನಡೆಯುವುದು, ಇವೆರಡನ್ನೂ ವಾಲ್ಮೀಕಿ ಒಂದೇ ಕಾರ್ಯವಾಗಿ ಕಂಡಿದ್ದಾನೆ. ಬೊವ್ವಾರಳ ಹೆಣ್ಣುಮಕ್ಕಳು ಜೊತೆಗೆ ನಡೆದರು, ನುಡಿಯಲಾರದೆ ಹೋದರು. ಸಾಂಟಾಗಳ ವೈದ್ಯ ನುಡಿದನು, ನಡೆಯಲಿಲ್ಲ. ಮಗ ನಡೆದನು, ಆದರೆ ನುಡಿಯಲು ಅಪ್ಪಣೆ ದೊರೆಯಲಿಲ್ಲ. ಮೂವರಲ್ಲಿ ಯಾರನ್ನೂ ಹಳಿಯಲಾಗದಂತೆ ಈ ಎರಡು ಕೃತಿಗಳು ಬರೆಯಲ್ಪಟ್ಟಿವೆ. ಅವುಗಳ ಪ್ರಾಮಾಣಿಕತೆ ಇರುವುದು ಅಲ್ಲಿ. ಪರೇಲಿನ ಮೊಗಸಾಲೆಯಲ್ಲಿ ಕಡತವನ್ನು ಎದೆಗೊತ್ತಿಕೊಂಡು ನಿಂತ ಕನ್ನಡದ ಮಗನಿಗೋ ಮಗಳಿಗೋ ಇವು ಸಿದ್ಧವಾದ ಉತ್ತರವನ್ನು ಕೊಡಲಾರವು. ಆದರೆ ತಾಯಿ ‘ಏನಂದ್ರಪಾ ಡಾಕ್ಟರು?’ ಎಂದು ಇನ್ನೊಮ್ಮೆ ಕೇಳಿದಾಗ, ಒಂದು ವಾಕ್ಯದಲ್ಲಿ ಮುಗಿಸದೆ, ಪಕ್ಕದಲ್ಲಿ ಕುಳಿತು, ಆಕೆಗೆ ಎಷ್ಟು ತಿಳಿಯಬೇಕಾಗಿದೆಯೆಂದು ಮೊದಲು ಆಕೆಯನ್ನೇ ಕೇಳುವಷ್ಟು ಧೈರ್ಯವನ್ನು ಅವು ಕೊಡಬಲ್ಲವು.